ರಿಲೇಯ ದೋಷ ಮತ್ತು ವಿಚಾರದ ಕ್ರಮ

ಸರಾಗವಾಗಿ ಓಡುತ್ತಿದ್ದ ಕಾರೊಂದು ಯಾವ ಮುನ್ಸೂಚನೆಯನ್ನೂ ಕೊಡದೆ ನಡುರಸ್ತೆಯಲ್ಲಿ ನಿಂತುಬಿಟ್ಟು, ಟ್ಯಾಂಕಿನಲ್ಲಿ ಪೆಟ್ರೋಲು ತುಂಬಿದ್ದರೂ, ಬ್ಯಾಟರಿ ಸರಿಯಾಗಿದ್ದರೂ, ಸ್ಟಾರ್ಟರ್ ಮೋಟಾರು ಎಂದಿನಂತೆ ತಿರುಗುತ್ತಿದ್ದರೂ ಇಂಜಿನ್ ಮಾತ್ರ ಚಾಲನೆಗೊಳ್ಳದಿದ್ದಾಗ, ಒಡೆಯನ ಆತಂಕ ಸಹಜವಾಗಿಯೇ ಬೆಲೆಬಾಳುವ ಭಾಗಗಳ ಕಡೆಗೆ ಹರಿಯುತ್ತದೆ. ಇಂಧನದ ಪಂಪು ಕೆಟ್ಟಿತೆಂದು ಒಬ್ಬರು ಹೇಳುತ್ತಾರೆ. ಇಂಜಿನ್ನನ್ನು ಆಳುವ ಗಣಕವೇ, ಎಂದರೆ ಇ.ಸಿ.ಯು. ಎಂಬ ಪೆಟ್ಟಿಗೆಯೇ, ಸುಟ್ಟಿತೆಂದು ಇನ್ನೊಬ್ಬರು ಹೇಳುತ್ತಾರೆ. ಸಾವಿರಾರು ರೂಪಾಯಿಗಳು ವ್ಯಯವಾದ ಮೇಲೆಯೂ ಕಾರು ಮತ್ತೆ ನಿಲ್ಲುತ್ತದೆ. ಕೊನೆಗೆ, ಫ್ಯೂಸ್ ಪೆಟ್ಟಿಗೆಯ ಮೂಲೆಯಲ್ಲಿ ಯಾರ ಗಮನಕ್ಕೂ ಬಾರದೆ ಕುಳಿತಿದ್ದ, ಸುಮಾರು ಒಂದು ಅಂಗುಲ ಅಗಲದ ರಿಲೇ ಎಂಬ ಕರಿಯ ಘನಾಕೃತಿಯೇ ಈ ಸಂಕಟಕ್ಕೆಲ್ಲ ಮೂಲವಾಗಿತ್ತೆಂದು ತಿಳಿಯುವುದು ಅಪರೂಪವಲ್ಲ. ಕೆಲವು ನೂರು ರೂಪಾಯಿಗಳ ಈ ವಸ್ತುವಿನ ದೋಷವನ್ನು ಕಂಡುಹಿಡಿಯುವುದು ಕಷ್ಟವೆನಿಸುವುದಕ್ಕೆ ಕಾರಣ ಅದರ ರಚನೆಯ ಜಟಿಲತೆಯಲ್ಲ. ಅದನ್ನು ಕ್ರಮವಾಗಿ ಪ್ರಶ್ನಿಸುವ ತಾಳ್ಮೆ ನಮ್ಮಲ್ಲಿ ವಿರಳವಾಗಿರುವುದು.

ಅಲ್ಪ ವಿದ್ಯುತ್ತಿನಿಂದ ಅಧಿಕ ವಿದ್ಯುತ್ತನ್ನು ಆಳುವ ಸಾಧನವೇ ರಿಲೇ. ನೀರಗಂಟಿಯೊಬ್ಬನು ತನ್ನ ಎರಡು ತೋಳುಗಳ ಬಲದಿಂದಲೇ ಕೆರೆಯ ತೂಬನ್ನೆತ್ತಿ, ಬಯಲಿನ ಗದ್ದೆಗಳಿಗೆಲ್ಲ ಸಾಲುವಷ್ಟು ನೀರನ್ನು ಹರಿಯಬಿಡುವಂತೆ, ರಿಲೇಯ ಒಳಗಿನ ತಂತಿಯ ಸುರುಳಿಯಲ್ಲಿ ಹರಿಯುವ ಕಿಂಚಿತ್ ಪ್ರವಾಹವು ಮೆದುಕಬ್ಬಿಣದ ತಿರುಳನ್ನು ಕ್ಷಣಮಾತ್ರದಲ್ಲಿ ಅಯಸ್ಕಾಂತವನ್ನಾಗಿ ಮಾಡುತ್ತದೆ. ಆ ಅಯಸ್ಕಾಂತವು ಸಣ್ಣ ಪಟ್ಟಿಯೊಂದನ್ನು ಸೆಳೆದು ಎರಡು ಸಂಪರ್ಕಬಿಂದುಗಳನ್ನು ಕೂಡಿಸುತ್ತದೆ. ಅವುಗಳ ಮೂಲಕ ಬ್ಯಾಟರಿಯ ಪ್ರಬಲ ಪ್ರವಾಹವು ಪಂಪಿಗೋ ಫ್ಯಾನಿಗೋ ಸಾಗುತ್ತದೆ. ಸುರುಳಿಯ ಪ್ರವಾಹ ನಿಂತೊಡನೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆದು ದಾರಿಯನ್ನು ಮುಚ್ಚುತ್ತದೆ. ಈ ತತ್ತ್ವವನ್ನು ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಹೆನ್ರಿಯು 1835ರ ಸುಮಾರಿಗೇ ಪ್ರಯೋಗದಿಂದ ತೋರಿಸಿಕೊಟ್ಟಿದ್ದನು. ದೂರದೂರಕ್ಕೆ ಸಾಗುವಾಗ ಕ್ಷೀಣಿಸುತ್ತಿದ್ದ ತಂತಿಸಂದೇಶಕ್ಕೆ ಹೊಸ ಬಲವನ್ನು ತುಂಬಿದ ಉಪಕರಣವೂ ಇದೇ. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಧನವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ಕಾರಿಗೆ ಅಳವಡಿಸಿದಾಗ, ಆ ವ್ಯವಸ್ಥೆಯನ್ನೂ ಅದರ ಪಂಪನ್ನೂ ಬ್ಯಾಟರಿಯೊಡನೆ ಕೂಡಿಸುವ ಹೊಣೆ ರಿಲೇಗಳ ಮೇಲೆಯೇ ಬಿದ್ದಿತು.

ಜರ್ಮನಿಯ ಮಾನಕವೊಂದರಿಂದ ರೂಢಿಗೆ ಬಂದ ಕೆಲವು ಅಂಕೆಗಳು ಬಹುಪಾಲು ರಿಲೇಗಳ ಕಾಲುಗಳ ಬಳಿ ಅಚ್ಚಾಗಿರುತ್ತವೆ. ಇವುಗಳನ್ನು ಅರಿತರೆ ಅರ್ಧ ದಾರಿ ಸವೆದಂತೆಯೇ ಸರಿ. 85 ಮತ್ತು 86 ಸುರುಳಿಯ ಎರಡು ತುದಿಗಳು. 30 ಬ್ಯಾಟರಿಯಿಂದ ಪ್ರವಾಹ ಬರುವ ಕಾಲು. 87 ಅದು ಪಂಪಿನತ್ತಲೋ ಫ್ಯಾನಿನತ್ತಲೋ ಹೊರಡುವ ಕಾಲು. 12 ವೋಲ್ಟಿನ ವಾಹನದಲ್ಲಿ ಸುರುಳಿಯ ರೋಧವು ಸಾಮಾನ್ಯವಾಗಿ 50ರಿಂದ 120 ಓಮ್‌ಗಳೊಳಗಿರುತ್ತದೆ. 80 ಓಮ್‌ಗಳ ಸುರುಳಿಯಲ್ಲಿ ಹರಿಯುವುದು ಕೇವಲ 0.15 ಆಂಪಿಯರ್, ಅದರ ಆಜ್ಞೆಯಂತೆ ಸಂಪರ್ಕಬಿಂದುಗಳು 30 ಆಂಪಿಯರ್‌ಗಳಷ್ಟನ್ನು ಹೊರಬಲ್ಲವು. ಹೀಗೆ ಒಂದೇ ಪೆಟ್ಟಿಗೆಯಲ್ಲಿ ಪರಸ್ಪರ ಸ್ಪರ್ಶಿಸದ ಎರಡು ಮಂಡಲಗಳಿವೆ: ಒಂದು ಆಜ್ಞೆಯದು, ಇನ್ನೊಂದು ಕಾರ್ಯದ್ದು. ರೋಗನಿದಾನವೆಲ್ಲವೂ ಈ ಎರಡನ್ನು ಬೇರೆಬೇರೆಯಾಗಿ ವಿಚಾರಿಸುವುದರಲ್ಲಿ ಅಡಗಿದೆ.

ಇಂಧನದ ಪಂಪಿನ ರಿಲೇಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಕೀಲಿಯನ್ನು ತಿರುಗಿಸಿದೊಡನೆ ಅನೇಕ ಕಾರುಗಳಲ್ಲಿ ಇ.ಸಿ.ಯು.ವು ಈ ರಿಲೇಯನ್ನು ಸುಮಾರು 2 ಸೆಕೆಂಡುಗಳ ಕಾಲ ಮಾತ್ರ ಚಾಲೂ ಮಾಡಿ, ಕೊಳವೆಗಳಲ್ಲಿ ಒತ್ತಡವೇರಿದ ಮೇಲೆ ನಿಲ್ಲಿಸಿಬಿಡುತ್ತದೆ. ಅನಂತರ ಇಂಜಿನ್ ತಿರುಗುತ್ತಿದೆಯೆಂಬ ವಾರ್ತೆಯನ್ನು ಕ್ರ್ಯಾಂಕ್ ಸೆನ್ಸರು ತಂದುಕೊಟ್ಟರಷ್ಟೆ ಪಂಪಿಗೆ ಮತ್ತೆ ಅಪ್ಪಣೆ ದೊರೆಯುತ್ತದೆ. ಅಪಘಾತದಲ್ಲಿ ಇಂಜಿನ್ ನಿಂತುಹೋದಾಗ ಒಡೆದ ಕೊಳವೆಯಿಂದ ಪೆಟ್ರೋಲು ಸುರಿಯುತ್ತಲೇ ಇರಬಾರದೆಂಬುದು ಈ ವ್ಯವಸ್ಥೆಯ ಉದ್ದೇಶ. ಆದುದರಿಂದ ಸೆನ್ಸರು ಕೆಟ್ಟರೂ ಪಂಪು ಓಡದು; ನಿರಪರಾಧಿಯಾದ ರಿಲೇಯನ್ನು ಆಗ ಎಷ್ಟು ಸಲ ಬದಲಿಸಿದರೂ ಫಲವಿಲ್ಲ.

ಪರೀಕ್ಷೆಯ ಮೊದಲ ಹೆಜ್ಜೆಗೆ ಕಿವಿ ಮತ್ತು ಬೆರಳುಗಳೇ ಸಾಕು. ರಿಲೇಯ ಮೇಲೆ ಬೆರಳಿಟ್ಟು, ಬೇರೊಬ್ಬರು ಕೀಲಿಯನ್ನು ತಿರುಗಿಸಿದಾಗ ಟಕ್ಕೆಂಬ ಸದ್ದೂ ಮೃದುವಾದ ತಾಡನವೂ ಅನುಭವಕ್ಕೆ ಬಂದರೆ, ಆಜ್ಞೆಯ ಮಂಡಲ ಜೀವಂತವಾಗಿದೆಯೆಂದು ತಿಳಿಯಬಹುದು. ಸದ್ದಾಯಿತೆಂದ ಮಾತ್ರಕ್ಕೆ ರಿಲೇ ನಿರ್ದೋಷಿಯೆಂದು ತೀರ್ಮಾನಿಸುವುದು ಮಾತ್ರ ತಪ್ಪಾದೀತು. ಪಟ್ಟಿ ಚಲಿಸಿದರೂ ಸುಟ್ಟು ಕರಿಯಾದ ಸಂಪರ್ಕಬಿಂದುಗಳು ಪ್ರವಾಹವನ್ನು ದಾಟಿಸದೆ ಹೋಗಬಹುದು. ಎರಡನೆಯ ಹೆಜ್ಜೆ ನಮ್ಮ ತರ್ಕಶಾಸ್ತ್ರಜ್ಞರು ಅನ್ವಯ-ವ್ಯತಿರೇಕವೆಂದು ಕರೆದ ವಿಧಾನವೇ ಆಗಿದೆ. ಅದೇ ಸಂಖ್ಯೆಯ, ಅದೇ ಜೋಡಣೆಯ ರಿಲೇಯೊಂದು ಹಾರನ್ನಿಗೆ ಇದ್ದರೆ, ಅದನ್ನೂ ಇದನ್ನೂ ಅದಲುಬದಲು ಮಾಡಿ ನೋಡುವುದು. ದೋಷವೂ ರಿಲೇಯ ಜೊತೆಯಲ್ಲಿ ಹೊರಟು, ಪಂಪು ಓಡತೊಡಗಿ ಹಾರನ್ನು ಮೂಕವಾದರೆ ಅಪರಾಧಿ ಸಿಕ್ಕಿದಂತಾಯಿತು. ದೋಷ ಇದ್ದಲ್ಲಿಯೇ ಉಳಿದರೆ ರಿಲೇಯನ್ನು ಬಿಟ್ಟು ವೈರಿಂಗನ್ನು ವಿಚಾರಿಸಬೇಕು.

ಆ ವಿಚಾರಣೆಗೆ, ಅಥವಾ ಅದಲುಬದಲಿಗೆ ಬೇರೆ ರಿಲೇ ಸಿಗದಿದ್ದಾಗ, ರಿಲೇಯನ್ನು ಕಿತ್ತು, ಅದು ಕುಳಿತಿದ್ದ ಸಾಕೆಟ್ಟಿನ ನಾಲ್ಕು ಮನೆಗಳನ್ನೂ ಒಂದೊಂದಾಗಿ ಕೇಳಬೇಕು. 30ರ ಮನೆಯಲ್ಲಿ ಬ್ಯಾಟರಿಯ ವೋಲ್ಟೇಜು ಇದೆಯೆ? ಕೀಲಿ ತಿರುಗಿಸಿದಾಗ 86ರಲ್ಲಿ ವೋಲ್ಟೇಜು ಬರುತ್ತದೆಯೆ? ಬಹಳ ವಾಹನಗಳಲ್ಲಿ ಇ.ಸಿ.ಯು.ವು 85ರ ಅರ್ಥ್ ಸಂಪರ್ಕವನ್ನು ಕೂಡಿಸುವುದರ ಮೂಲಕವೇ ಅಪ್ಪಣೆ ಕೊಡುವುದರಿಂದ, ಆ ಅರ್ಥ್ ನಿಜವಾಗಿ ಒದಗುತ್ತಿದೆಯೆ? ಇವು ಮೂರಕ್ಕೂ ಹೌದೆಂಬ ಉತ್ತರ ದೊರೆತ ಮೇಲೆ, ಫ್ಯೂಸ್ ಅಳವಡಿಸಿದ ತಂತಿಯೊಂದರಿಂದ 30 ಮತ್ತು 87ರ ಮನೆಗಳನ್ನು ಕ್ಷಣಕಾಲ ಕೂಡಿಸಿದಾಗ ಪಂಪು ಓಡಿದರೆ, ಪಂಪೂ ಅದರ ತಂತಿಯೂ ಸರಿಯಾಗಿವೆಯೆಂದೂ ಕೊರತೆ ರಿಲೇಯಲ್ಲಿಯೇ ಇದೆಯೆಂದೂ ಸಿದ್ಧವಾಗುತ್ತದೆ. ಈ ತಂತಿಯನ್ನು ಹಾಗೆಯೇ ಬಿಟ್ಟು ವಾಹನವನ್ನು ಓಡಿಸುವವರುಂಟು. ಅದು ಸರ್ವಥಾ ಸಲ್ಲದು. ಅಪಘಾತದ ವೇಳೆ ಪಂಪನ್ನು ನಿಲ್ಲಿಸತಕ್ಕ ರಕ್ಷಣೆಯೇ ಅದರಿಂದ ನಾಶವಾಗುತ್ತದೆ.

ಇಲ್ಲಿ ಮಲ್ಟಿಮೀಟರು ನಮ್ಮನ್ನು ವಂಚಿಸುವ ಬಗೆಯೊಂದಿದೆ. ಅದರ ಒಳರೋಧವು ಸಾಮಾನ್ಯವಾಗಿ ಒಂದು ಕೋಟಿ ಓಮ್‌ಗಳಷ್ಟಿರುವುದರಿಂದ ಅದು ಸರ್ಕೀಟಿನಿಂದ ಎಳೆಯುವ ಪ್ರವಾಹ ಗಣನೆಗೇ ಬಾರದು. ಹೀಗಾಗಿ ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನಿಂತಿರುವ ತಂತಿಯಲ್ಲಿಯೂ ಅದು 12.6 ವೋಲ್ಟನ್ನು ತೋರಿಸುತ್ತದೆ. ಪಂಪು 5 ಆಂಪಿಯರ್‌ಗಳನ್ನು ಬೇಡಿದಾಗ ಮಾತ್ರ ನಿಜಸ್ಥಿತಿ ಹೊರಬೀಳುತ್ತದೆ: ದಾರಿಯಲ್ಲಿ ಅರ್ಧ ಓಮ್ ರೋಧವಿದ್ದರೂ ಎರಡೂವರೆ ವೋಲ್ಟು ಅಲ್ಲಿಯೇ ವ್ಯಯವಾಗಿ, ಪಂಪು ಸೊರಗುತ್ತದೆ. ಆದುದರಿಂದ ಅನುಭವಸ್ಥನಾದ ಆಟೋ ಎಲೆಕ್ಟ್ರಿಷಿಯನ್ನನು ಬಲ್ಬಿನ ಟೆಸ್ಟ್ ಲ್ಯಾಂಪನ್ನು ಹೊರೆಯಾಗಿ ಹೂಡಿ ನೋಡುತ್ತಾನೆ. ಅಥವಾ ಪಂಪು ಓಡುತ್ತಿರುವಾಗಲೇ 30 ಮತ್ತು 87ರ ನಡುವಿನ ವೋಲ್ಟೇಜನ್ನು ಅಳೆಯುತ್ತಾನೆ. ಅದು 0.2 ವೋಲ್ಟಿನೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಫ್ಯಾನಿನ ರಿಲೇಯಲ್ಲಿ 10 ಆಂಪಿಯರ್ ಹರಿಯುವಾಗ ಒಂದು ವೋಲ್ಟು ಕಳೆದುಹೋದರೆ, ಆ ಪುಟ್ಟ ಬಿಂದುವಿನಲ್ಲಿ 10 ವಾಟ್ ಶಾಖವು ಹುಟ್ಟಿ, ಸಾಕೆಟ್ಟಿನ ಪ್ಲಾಸ್ಟಿಕ್ಕೇ ಕರಗಬಹುದು.

ಬಿಸಿಯಾದಾಗ ಮಾತ್ರ ತಲೆದೋರುವ ದೋಷವು ಇವೆಲ್ಲಕ್ಕಿಂತ ಕ್ಲಿಷ್ಟವಾದದ್ದು. ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.39ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿ 80 ಓಮ್ ಇದ್ದ ಸುರುಳಿಯು 100 ಡಿಗ್ರಿಯಲ್ಲಿ 105 ಓಮ್ ಆಗುತ್ತದೆ, ತಣ್ಣಗಿರುವಾಗ 7.8 ವೋಲ್ಟಿಗೇ ಪಟ್ಟಿಯನ್ನು ಸೆಳೆಯುತ್ತಿದ್ದ ರಿಲೇಗೆ ಈಗ 10.2 ವೋಲ್ಟು ಬೇಕಾಗುತ್ತದೆ. ಹಳೆಯ ಬ್ಯಾಟರಿಯ ವೋಲ್ಟೇಜು ಸ್ಟಾರ್ಟರಿನ ಹೊರೆಯಿಂದ ಅದಕ್ಕಿಂತ ಕೆಳಗಿಳಿದ ಕ್ಷಣದಲ್ಲಿ ರಿಲೇ ಪಟ್ಟಿಯನ್ನು ಸೆಳೆಯಲಾರದೆ ಹೋಗುತ್ತದೆ. ಮರದ ನೆರಳಿನಲ್ಲಿ ಅರ್ಧ ಗಂಟೆ ನಿಂತ ಕಾರು ತಾನಾಗಿಯೇ ಚಾಲನೆಗೊಳ್ಳುತ್ತದೆ. 1980 ಮತ್ತು 90ರ ದಶಕಗಳ ಹೋಂಡಾ ಕಾರುಗಳ ಮುಖ್ಯ ರಿಲೇಯಲ್ಲಿ ಬೆಸುಗೆಯ ಬಿಂದುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಿರಿದು, ಬೇಸಗೆಯ ಬಿಸಿಲಿನಲ್ಲಿ ನಿಂತ ಕಾರು ಚಾಲನೆಗೊಳ್ಳದೆ, ತಂಪಾದೊಡನೆ ಸರಿಹೋಗುತ್ತಿದ್ದ ಪ್ರಸಂಗವು ಅಮೆರಿಕದ ಮೆಕ್ಯಾನಿಕ್‌ಗಳಲ್ಲಿ ಪ್ರಸಿದ್ಧವಾಗಿತ್ತು. ಮುಚ್ಚಳ ತೆಗೆದು ಆ ಬಿಂದುಗಳಿಗೆ ಮತ್ತೆ ಬೆಸುಗೆ ಹಾಕಿದರೆ ವಾಸಿಯಾಗುತ್ತಿದ್ದ ಕಾಯಿಲೆಗೆ ಪಂಪುಗಳನ್ನು ಬದಲಿಸಿದವರೂ ಇದ್ದರು. ಇಂತಹ ದೋಷವನ್ನು ಹಿಡಿಯಬೇಕಾದರೆ ಕೂದಲೊಣಗಿಸುವ ಯಂತ್ರದಿಂದ ರಿಲೇಯನ್ನು ಹದವಾಗಿ ಬಿಸಿಮಾಡಿ, ದೋಷವು ತಾನೇ ಪ್ರತ್ಯಕ್ಷವಾಗುವಂತೆ ಮಾಡಬೇಕು.

ಇ.ಸಿ.ಯು. ದಾಖಲಿಸಿದ ದೋಷಸಂಕೇತಗಳನ್ನು ಓದುವ ಸ್ಕ್ಯಾನರು ಇರುವಾಗ ಈ ಪರಿಶ್ರಮವೆಲ್ಲ ಏತಕ್ಕೆಂದು ಕೇಳಬಹುದು. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ, ನಮ್ಮಲ್ಲಿ ಭಾರತ್ ಸ್ಟೇಜ್ 4ರ ಮಾನಕದೊಡನೆ ಬಳಕೆಗೆ ಬಂದ ಸ್ವಯಂಪರೀಕ್ಷೆಯ ವ್ಯವಸ್ಥೆಯು ನಿಜವಾಗಿಯೂ ದೊಡ್ಡ ಉಪಕಾರವನ್ನು ಮಾಡಿದೆ. ಆದರೆ ಪಿ 0230 ಎಂಬ ಸಂಕೇತವು ಇಂಧನದ ಪಂಪಿನ ಆಜ್ಞೆಯ ಮಂಡಲದಲ್ಲಿ ಏನೋ ಕೆಟ್ಟಿದೆಯೆಂದಷ್ಟೇ ಸಾರುತ್ತದೆ. ಪಿ 0685 ಎಂಬುದು ಇ.ಸಿ.ಯು.ವಿನ ಮುಖ್ಯ ರಿಲೇಯನ್ನು ಆಳುವ ಮಂಡಲ ಎಲ್ಲಿಯೋ ಕಡಿದಿದೆಯೆಂದು ಹೇಳುತ್ತದೆ. ಸುರುಳಿ ಕಡಿಯಿತೋ, ಸಾಕೆಟ್ಟಿನಲ್ಲಿ ಮಳೆಯ ನೀರು ಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯಿತೋ, ಇಲಿ ತಂತಿಯನ್ನು ಕಡಿಯಿತೋ, ಇ.ಸಿ.ಯು.ವಿನ ಟ್ರಾನ್ಸಿಸ್ಟರೇ ಸೋತಿತೋ ಎಂಬುದನ್ನು ಸಂಕೇತವು ಹೇಳಲಾರದು. ಅದು ಬೀದಿಯನ್ನು ತೋರಿಸುತ್ತದೆ. ಮನೆಯನ್ನು ನಾವೇ ಹುಡುಕಬೇಕು. ಅಲ್ಲದೆ, ಸಂಪರ್ಕಬಿಂದುಗಳು ಬೆಸೆದು ಅಂಟಿಹೋಗಿ, ಕೀಲಿ ತೆಗೆದ ಮೇಲೂ ಫ್ಯಾನು ತಿರುಗುತ್ತ ರಾತ್ರಿ ಕಳೆಯುವುದರೊಳಗೆ ಬ್ಯಾಟರಿಯನ್ನು ಬರಿದುಮಾಡುವ ದೋಷಕ್ಕೆ ಎಷ್ಟೋ ವೇಳೆ ಯಾವ ಸಂಕೇತವೂ ಹುಟ್ಟುವುದಿಲ್ಲ.

ಹೊಸ ರಿಲೇಯನ್ನು ಕೊಳ್ಳುವಾಗಲೂ ಎಚ್ಚರವಿರಲಿ. ಸುರುಳಿಯ ಪ್ರವಾಹವನ್ನು ಕಡಿದ ಕ್ಷಣದಲ್ಲಿ ಅದರ ಕಾಂತಕ್ಷೇತ್ರವು ಕುಸಿದು, ನೂರು ವೋಲ್ಟುಗಳನ್ನೂ ಮೀರಿದ ಅಲೆಯೊಂದು ಏಳಬಲ್ಲದು. ಆ ಅಲೆಯನ್ನು ಹೀರಿಕೊಳ್ಳಲೆಂದು ಅನೇಕ ರಿಲೇಗಳ ಒಳಗೆ ಡಯೋಡನ್ನೋ ರೋಧಕವನ್ನೋ ಸುರುಳಿಗೆ ಅಡ್ಡಲಾಗಿ ಜೋಡಿಸಿರುತ್ತಾರೆ. ಹೊರಗಿನಿಂದ ಅದೇ ರೂಪದ, ಆದರೆ ಈ ರಕ್ಷಣೆಯಿಲ್ಲದ ಅಗ್ಗದ ರಿಲೇಯನ್ನು ತಂದು ಕೂಡಿಸಿದರೆ, ಇ.ಸಿ.ಯು.ವಿನ ಟ್ರಾನ್ಸಿಸ್ಟರಿಗೆ ಅಪಾಯ ತಪ್ಪಿದ್ದಲ್ಲ.

ಇಷ್ಟೆಲ್ಲ ಪರೀಕ್ಷೆಗೆ ಬೇಕಾದ ಉಪಕರಣಗಳು ಅಲ್ಪ. ಬೇಕಾದದ್ದು ಸುಮಾರು ಒಂದು ಗಂಟೆಯ ಏಕಾಗ್ರತೆ ಮತ್ತು ಒಂದು ಪ್ರಶ್ನೆಗೆ ಉತ್ತರ ಸಿಗುವವರೆಗೆ ಮುಂದಿನದಕ್ಕೆ ಹೋಗದ ಶಿಸ್ತು. ನಮ್ಮ ಗ್ಯಾರೇಜುಗಳಲ್ಲಿ ಈ ಶಿಸ್ತನ್ನು ಬಲ್ಲವರು ಇಲ್ಲದಿಲ್ಲ. ಆದರೆ ಬದಲಿಸಿದ ಭಾಗದ ಬೆಲೆಯನ್ನು ಮರುಮಾತಿಲ್ಲದೆ ಕೊಡುವ ನಾವು, ದೋಷವನ್ನು ಪತ್ತೆಹಚ್ಚಿದ ಬುದ್ಧಿಗೆ ಕೂಲಿ ಕೊಡಲು ಹಿಂಜರಿಯುತ್ತೇವೆ. ಮುನ್ನೂರು ರೂಪಾಯಿಯ ರಿಲೇಗಾಗಿ ಐನೂರು ರೂಪಾಯಿಯ ಪರೀಕ್ಷೆ ಏಕೆಂದು ಕೇಳುತ್ತೇವೆ. ಹಾಗೆ ಕೇಳುವುದರಿಂದಲೇ, ಅಳೆದು ನೋಡುವವನಿಗಿಂತ ಊಹಿಸಿ ಬದಲಿಸುವವನಿಗೆ ಹೆಚ್ಚು ಸಂಪಾದನೆಯಾಗುತ್ತದೆ. ಮುಂದೆ ವಾಹನವನ್ನು ರಿಪೇರಿಗೆ ಒಪ್ಪಿಸುವಾಗ ಏನನ್ನು ಬದಲಿಸಿದಿರಿ ಎಂಬುದರ ಜೊತೆಗೆ ಏನನ್ನು ಅಳೆದಿರಿ ಎಂದೂ ಕೇಳೋಣ. ಅಳೆದವನಿಗೆ ಅವನ ಶ್ರಮದ ಬೆಲೆಯನ್ನು ಸಂತೋಷದಿಂದ ಸಲ್ಲಿಸೋಣ. ಆ ಐನೂರು ರೂಪಾಯಿಯಿಂದ ಉಳಿಯುವುದು ಕೆಡದೆಯೇ ಗುಜರಿಗೆ ಹೋಗಲಿದ್ದ ಒಂದು ಪಂಪಿನ ಬೆಲೆ. ಬೆಳೆಯುವುದು ನಮ್ಮ ಊರಿನ ಒಬ್ಬ ಕುಶಲಿಯ ವಿದ್ಯೆ.