ಅಟ್ಟದ ಮೇಲಿನ ಆಂಟೆನಾ, ಅಂಗೈಯಲ್ಲಿ ಟಿವಿ

ಪ್ಲೇನೊ, ಟೆಕ್ಸಾಸ್: ಕಳೆದ ವರ್ಷದ ಏಪ್ರಿಲ್‌ನಲ್ಲಿ ಒಂದು ಸಂಜೆ ಮನೆಯ ಮೊಬೈಲ್‌ಗಳೆಲ್ಲ ಒಟ್ಟಿಗೆ ಕಿರುಚಿದವು. ಸುಂಟರಗಾಳಿಯ ಎಚ್ಚರಿಕೆ! ಹಾವೇರಿಯಿಂದ ಅಪ್ಪ, ಅಮ್ಮ ಬಂದು ತಿಂಗಳಾಗಿತ್ತಷ್ಟೆ. ಡಲ್ಲಾಸ್ ಸುತ್ತಮುತ್ತಲಿನ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ಕಿಟಕಿಯಿಲ್ಲದ ಒಳಕೋಣೆಯೇ ಆಸರೆ. ಐವರೂ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆ ಸೇರಿದೆವು.

ಗಾಳಿ ಎತ್ತ ಸಾಗುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ನಮ್ಮ ಟಿವಿ ನಡೆಯುತ್ತಿದ್ದುದು ಇಂಟರ್ನೆಟ್‌ನಲ್ಲಿ, ಅದೇ ಹೋಗಿತ್ತು. ಮೊಬೈಲ್ ಡೇಟಾ ಸುಮ್ಮನೆ ಸುತ್ತುತ್ತಿತ್ತು. ಅಮ್ಮ ಮೊಮ್ಮಗಳನ್ನು ತಬ್ಬಿ ಕೂತಿದ್ದರು. ಮುಕ್ಕಾಲು ಗಂಟೆಯ ಬಳಿಕ ಎಚ್ಚರಿಕೆ ಮುಗಿಯಿತು. ಹೊರಬಂದ ಅಪ್ಪ ಕೇಳಿದ್ದು ಒಂದೇ ಮಾತು: ‘ಇಲ್ಲಿ ಆಂಟೆನಾ ಹಾಕಾಂಗಿಲ್ಲೇನೋ ತಮ್ಮಾ?’

ಹಾಕಬಹುದು. ಎಬಿಸಿ, ಸಿಬಿಎಸ್, ಎನ್‌ಬಿಸಿ, ಫಾಕ್ಸ್, ಪಿಬಿಎಸ್‌ನಂಥ ವಾಹಿನಿಗಳು ಅಮೆರಿಕದಲ್ಲಿ ಇಂದಿಗೂ ಗಾಳಿಯಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. 2009ರ ಜೂನ್ 12ರಿಂದ ದೊಡ್ಡ ಕೇಂದ್ರಗಳ ಪ್ರಸಾರವೆಲ್ಲ ಡಿಜಿಟಲ್. ಹಿಂದಿನಂತೆ ಚುಕ್ಕಿ ಚುಕ್ಕಿಯಾಗಿ ಕಾಣುವುದಿಲ್ಲ. ಬಂದರೆ ಸ್ವಚ್ಛ ಚಿತ್ರ, ಇಲ್ಲವಾದರೆ ಏನೂ ಇಲ್ಲ.

ಮೊದಲು ಅಂಗಡಿಯಿಂದ ತೆಳು ಹಾಳೆಯಂಥ ಆಂಟೆನಾ ತಂದು ಟಿವಿ ಹಿಂದೆ ಅಂಟಿಸಿದೆವು. ಎರಡೇ ಚಾನೆಲ್ ಬಂದವು. ಎಫ್‌ಸಿಸಿ ಜಾಲತಾಣದ ನಕ್ಷೆಯಲ್ಲಿ ವಿಳಾಸ ಹಾಕಿದಾಗ ತಪ್ಪು ತಿಳಿಯಿತು. ಇಲ್ಲಿನ ಮುಖ್ಯ ಪ್ರಸಾರ ಗೋಪುರಗಳಿರುವುದು ಡಲ್ಲಾಸ್‌ನ ನೈಋತ್ಯದ ಸೀಡರ್ ಹಿಲ್‌ನಲ್ಲಿ, ನಮ್ಮಿಂದ ಸುಮಾರು 55 ಕಿ.ಮೀ. ದೂರ. ನಮ್ಮ ಟಿವಿ ಇದ್ದದ್ದು ಉತ್ತರದ ಗೋಡೆಗೆ.

ದೂರದರ್ಶನದ ಕಾಲದಲ್ಲಿ ಹಂಚಿನ ಮೇಲೆ ಹತ್ತಿ ‘ಬಂತಾ? ಬಂತಾ?’ ಎಂದು ಕೂಗುತ್ತಿದ್ದ ಅಪ್ಪ, ಈ ಬಾರಿ ಕೆಳಗೆ ನಿಂತು ‘ಇನ್ನಾ ಸ್ವಲ್ಪ ಬಲಕ್ಕ’ ಎಂದರು. ಅಟ್ಟದಲ್ಲಿ ದೊಡ್ಡ ಆಂಟೆನಾ ಕೂತಿತು. 8ನೇ ಚಾನೆಲ್ ವಿಎಚ್‌ಎಫ್ ತರಂಗದಲ್ಲಿ ಬರುವುದರಿಂದ ವಿಎಚ್‌ಎಫ್, ಯುಎಚ್‌ಎಫ್ ಎರಡನ್ನೂ ಹಿಡಿಯುವುದನ್ನೇ ಕೊಂಡಿದ್ದೆವು. ಮಾಡಿನ ಒಳಮೈಗೆ ಅಲ್ಯೂಮಿನಿಯಂ ಹಾಳೆ ಇರುವ ಹೊಸ ಮನೆಗಳಲ್ಲಿ ಅಟ್ಟದ ಆಂಟೆನಾ ಸರಿಯಾಗಿ ಕೆಲಸ ಮಾಡದು. ನಮ್ಮದು ಹಳೆಯ ಮನೆ, ಬಚಾವಾದೆವು.

ಪ್ರತಿ ಕೋಣೆಗೂ ಕೇಬಲ್ ಎಳೆದರೆ ಹಂಚಿದಷ್ಟೂ ಸಿಗ್ನಲ್ ಸೊರಗುತ್ತದೆ. ಅದಕ್ಕೆ ಆಂಟೆನಾದ ಒಂದೇ ಕೇಬಲನ್ನು ನೆಟ್‌ವರ್ಕ್ ಟ್ಯೂನರ್ ಎಂಬ ಪುಟ್ಟ ಪೆಟ್ಟಿಗೆಗೆ ಕೊಟ್ಟೆವು. ಅದು ಚಾನೆಲನ್ನು ಹಿಡಿದು ಮನೆಯ ರೂಟರ್ ಮೂಲಕ ಟಿವಿ, ಟ್ಯಾಬ್‌ಗಳಿಗೆ ಹಂಚುತ್ತದೆ. ಮೊದಲು ಚಿತ್ರ ತಡವರಿಸಿತು. ಪ್ರಸಾರದ ಒಂದು ತರಂಗದಲ್ಲಿ ಸೆಕೆಂಡಿಗೆ 19 ಮೆಗಾಬಿಟ್‌ವರೆಗೆ ಮಾಹಿತಿ ಬರುತ್ತದೆ, ಜನಜಂಗುಳಿಯ 2.4 ಗಿಗಾಹರ್ಟ್ಸ್ ವೈಫೈಗೆ ಅದು ಭಾರ. ಟ್ಯೂನರನ್ನು ರೂಟರ್‌ಗೆ ವೈರ್‌ನಿಂದಲೇ ಜೋಡಿಸಿ, ಟ್ಯಾಬನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಸರಿಹೋಯಿತು. ರೂಟರ್, ಟ್ಯೂನರ್ ಎರಡಕ್ಕೂ ಒಂದು ಯುಪಿಎಸ್ ಇಟ್ಟೆವು.

ಮೇ ತಿಂಗಳಲ್ಲಿ ಮತ್ತೆ ಎಚ್ಚರಿಕೆ ಬಂತು. ಇಂಟರ್ನೆಟ್ ಹೋಯಿತು, ಹಿಂದೆಯೇ ಕರೆಂಟೂ ಹೋಯಿತು. ಮೆಟ್ಟಿಲ ಕೆಳಗೆ ಅಪ್ಪನ ತೊಡೆಯ ಮೇಲೆ ಟ್ಯಾಬ್ ಮಾತ್ರ ಬೆಳಗುತ್ತಿತ್ತು. ಚಾನೆಲ್‌ನ ಹವಾಮಾನ ತಜ್ಞರು ಊರೂರು ಹೆಸರಿಸಿ ಬಿರುಗಾಳಿಯ ದಾರಿ ತೋರಿಸುತ್ತಿದ್ದರು. ‘ಪೂರ್ವಕ್ಕ ಹೊಂಟೈತಿ, ಅಂಜಬ್ಯಾಡ’ ಎಂದು ಅಪ್ಪ ಅಮ್ಮನಿಗೆ ಹೇಳಿದರು. ಬಿರುಗಾಳಿ ಅದೇ, ಕೋಣೆ ಅದೇ. ಈ ಬಾರಿ ಅಮ್ಮನ ಕೈ ನಡುಗಲಿಲ್ಲ.

ಕನ್ನಡದ ಚಾನೆಲ್‌ಗಳು ಈ ಆಂಟೆನಾದಲ್ಲಿ ಬರುವುದಿಲ್ಲ. ಧಾರಾವಾಹಿಗೆ ಇಂಟರ್ನೆಟ್ಟೇ ಗತಿ. ಮೊಬೈಲ್ ಎಚ್ಚರಿಕೆಯನ್ನು ಆಫ್ ಮಾಡಬಾರದು, ಬ್ಯಾಟರಿಯ ಹವಾಮಾನ ರೇಡಿಯೊವೂ ಇರಲಿ. ಚಾವಣಿಯ ಹೊರಗೆ ಆಂಟೆನಾ ಹಾಕುವವರು ಅರ್ಥಿಂಗ್ ಮಾಡಿಸಲೇಬೇಕು. ಬಡಾವಣೆ ಸಂಘದವರು ಬೇಡವೆಂದಾರೆಂಬ ಭಯ ಬೇಡ; ಸ್ವಂತ ಮನೆಯ ಟಿವಿ ಆಂಟೆನಾವನ್ನು ಸುಮ್ಮಸುಮ್ಮನೆ ತಡೆಯಲು ಎಫ್‌ಸಿಸಿ ನಿಯಮ ಬಿಡುವುದಿಲ್ಲ.

ನಿಮ್ಮ ಮಕ್ಕಳು ಟೆಕ್ಸಾಸ್, ಒಕ್ಲಹೋಮ ಕಡೆ ಇದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ‘ಊಟ ಆಯ್ತಾ’ ಜತೆಗೆ ಇದನ್ನೂ ಕೇಳಿ: ‘ಇಂಟರ್ನೆಟ್ ಹೋದರೆ ನಿಮಗೆ ಸುದ್ದಿ ಹೇಗೆ ಗೊತ್ತಾಗುತ್ತೆ?’