ಗೋದಾವರಿಯ ಜಲಾಶಯಗಳೂ ವಿಹಾರನೌಕೆಯ ಚಾಲನಾವಿಧಾನವೂ

ಕವಿರಾಜಮಾರ್ಗವು ಕನ್ನಡ ನಾಡಿನ ಬಡಗಣ ಮೇರೆಯಾಗಿ ಹೇಳಿರುವ ಗೋದಾವರಿಯ ಮೇಲೆ ಇಂದು ಎರಡು ಜಲಾಶಯಗಳು ಪ್ರಸಿದ್ಧವಾಗಿವೆ. ಒಂದು, ನಾಸಿಕದ ಬಳಿಯ ಗಂಗಾಪುರ. ಅಲ್ಲಿ ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಬೋಟ್ ಕ್ಲಬ್ ಇದೆ. ಇನ್ನೊಂದು, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ 1976ರಲ್ಲಿ ಉದ್ಘಾಟನೆಗೊಂಡ ಜಾಯಕವಾಡಿ ಅಣೆಕಟ್ಟಿನ ನಾಥಸಾಗರ. ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಇಳಿಯುವ ಇಂತಹ ನೀರಿನಲ್ಲಿ ವಿಹಾರಕ್ಕೆ ಪ್ರೊಪೆಲರ್ ದೋಣಿ ಉಚಿತವೋ, ಜೆಟ್ ದೋಣಿಯೋ ಎಂಬುದು ವಿಚಾರಾರ್ಹ ವಿಷಯವಾಗಿದೆ.

ನೀರನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ಸಾಗುವುದು ಎರಡಕ್ಕೂ ಸಮಾನವಾದ ತತ್ತ್ವ. ಪ್ರೊಪೆಲರ್ ದೋಣಿಯಲ್ಲಿ ತಿರುಗುವ ಅಲಗುಗಳು ತಳದ ಹೊರಗೆ ನೀರಿನಲ್ಲಿರುತ್ತವೆ. 1845ರಲ್ಲಿ ರ‍್ಯಾಟ್ಲರ್ ಎಂಬ ಬ್ರಿಟಿಷ್ ಪ್ರೊಪೆಲರ್ ನೌಕೆಯು ಅಲೆಕ್ಟೋ ಎಂಬ ಚಕ್ರನೌಕೆಯನ್ನು ಹಿಮ್ಮುಖವಾಗಿ ಎಳೆದುಕೊಂಡು ಹೋದುದು ಇದರ ಬಲಕ್ಕೆ ನಿದರ್ಶನ. ಮಂದಗತಿಯಲ್ಲಿ, ಹೆಚ್ಚು ಜನರ ಭಾರ ಹೊತ್ತಾಗ, ಇಂಧನದ ಮಿತವ್ಯಯ ಇದರದೇ. ಆದರೆ ನೀರು ಇಳಿದಾಗ ಅಲಗು ಬಂಡೆಗೆ ತಾಗಿ ಮುರಿಯಬಹುದು. ಈಜುವವನಿಗೆ ಅದು ಪ್ರಾಣಾಂತಕವೂ ಆಗಬಹುದು.

ಜೆಟ್ ದೋಣಿಯಾದರೋ ತಳದ ರಂಧ್ರದಿಂದ ನೀರನ್ನು ಹೀರಿ, ಒಳಗಿನ ಪಂಪಿನಿಂದ ಒತ್ತಿ, ಹಿಂಬದಿಯ ಕೊಳವೆಯಿಂದ ಚಿಮ್ಮುತ್ತದೆ. ಅಲಗು ಹೊರಗಿಲ್ಲದ ಕಾರಣ ತೆಳುನೀರೂ ಅದಕ್ಕೆ ಸಾಕು. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದುದು ತನ್ನ ನಾಡಿನ ಆಳವಿಲ್ಲದ ನದಿಗಳಿಗಾಗಿಯೇ. 1977ರಲ್ಲಿ ಎಡ್ಮಂಡ್ ಹಿಲರಿಯ ತಂಡವು ಇಂತಹ ದೋಣಿಗಳಲ್ಲಿಯೇ ಗಂಗಾನದಿಯನ್ನು ಸಮುದ್ರದಿಂದ ಏರಿ ನಂದಪ್ರಯಾಗದ ಸಮೀಪದವರೆಗೆ ಸಾಗಿತು.

ಆದರೆ ಜಮೆಯಂತೆ ಖರ್ಚನ್ನೂ ಕಾಣಬೇಕು. ಅಂತರಗಂಗೆಯ ಬೇರು, ಜಲ್ಲಿ, ಹಗ್ಗ ಇವನ್ನು ಜೆಟ್ ನೀರಿನೊಡನೆ ಹೀರಿಕೊಂಡು ಕಟ್ಟಿಕೊಳ್ಳುತ್ತದೆ. ಹೀರುವ ರಂಧ್ರದ ಬಳಿ ಕೂದಲು, ಬಟ್ಟೆಗಳು ಸಿಲುಕುವ ಭಯವುಂಟು. ಇವೆಲ್ಲಕ್ಕಿಂತ ಮುಖ್ಯವಾದುದು ಮತ್ತೊಂದು: ಈ ದೋಣಿಯು ತಿರುಗುವುದು ಚಿಮ್ಮುವ ನೀರಿನ ದಿಕ್ಕಿನಿಂದ. ಅಪಾಯ ಎದುರಾದಾಗ ಅನನುಭವಿಯು ಸಹಜವಾಗಿ ವೇಗದ ಹಿಡಿಕೆಯನ್ನು ಬಿಟ್ಟುಬಿಡುತ್ತಾನೆ. ಆಗ ಧಾರೆ ನಿಂತು, ಚುಕ್ಕಾಣಿ ತಿರುಗಿಸಿದರೂ ದೋಣಿ ನೇರವಾಗಿಯೇ ಧಾವಿಸುತ್ತದೆ. ತಪ್ಪಿಸಿಕೊಳ್ಳಲು ವೇಗವನ್ನು ಕೊಂಚ ಉಳಿಸಿಕೊಂಡೇ ತಿರುಗಬೇಕೆಂಬ ಈ ಪಾಠವನ್ನು ದೋಣಿ ಬಾಡಿಗೆಗೆ ಕೊಡುವವರು ಮೊದಲೇ ಕಲಿಸಬೇಕು.

ಆದುದರಿಂದ ನಿರ್ಣಯವು ಯಂತ್ರದ್ದಲ್ಲ, ನೀರಿನದು. ತುಂಬಿದ ಜಲಾಶಯದಲ್ಲಿ ಕುಟುಂಬಗಳನ್ನು ನಿಧಾನವಾಗಿ ಸುತ್ತಿಸಲು ಅಲಗಿಗೆ ರಕ್ಷಾಕವಚವಿರುವ ಪ್ರೊಪೆಲರ್ ದೋಣಿಯೇ ಲೇಸು. ಕಳೆಯಿಲ್ಲದ ತೆಳುನೀರಿನಲ್ಲಿ ವೇಗವಾಗಿ ಹೋಗಬೇಕಾದಲ್ಲಿ, ನುರಿತ ಚಾಲಕನ ಕೈಯಲ್ಲಿ, ಜೆಟ್ ಮೇಲು. ನಾಥಸಾಗರವು 1986ರಿಂದ ಪಕ್ಷಿಧಾಮವೂ ಆಗಿದೆ. ಅಲ್ಲಿ ಯಾವ ದೋಣಿಗಾದರೂ ಮಂದಗತಿಯೇ ಮರ್ಯಾದೆ. ಎರಡರಲ್ಲಿಯೂ ಜೀವರಕ್ಷಕ ಅಂಗಿಯಿಲ್ಲದೆ ಯಾರೂ ಕೂಡಬಾರದೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.