ಶಿಂಷೆಯ ಕಲ್ಲಿಗೆ ಒಗ್ಗಿದ ತೆಪ್ಪ

ಕಾವೇರಿ ದಡದ ಮುತ್ತತ್ತಿ, ಭೀಮೇಶ್ವರಿ ಕಡೆ ಪ್ರವಾಸ ಹೋದವರು ಹೊಳೆಯಲ್ಲಿ ನೋಡುವುದು ಹೆಚ್ಚಾಗಿ ಜನ ಕೂರಿಸಿ ಸುತ್ತಿಸುವ, ಬುಟ್ಟಿಯಂತೆ ದುಂಡಗಿನ ದೊಡ್ಡ ತೆಪ್ಪ. ಮೀನು ಹಿಡಿಯುವ ತೆಪ್ಪದ ಜಾತಿಯೇ ಬೇರೆ. ಅದು ಚಿಕ್ಕದು, ಹಗುರ. ಒಬ್ಬನೇ ಅದನ್ನು ಬೆನ್ನ ಮೇಲೆ ಕವುಚಿ ಹೊತ್ತುಕೊಂಡು ಬಂಡೆಗಳ ನಡುವೆ ನಡೆದು ಇನ್ನೊಂದು ಮಡುವಿಗೆ ಇಳಿಸುತ್ತಾನೆ.

ಈ ಹಗುರತನಕ್ಕೆ ಇಲ್ಲಿನ ಹೊಳೆಯೇ ಕಾರಣ. ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ, ಮದ್ದೂರನ್ನು ಹಾದು, ಕೊಕ್ಕರೆ ಬೆಳ್ಳೂರಿನ ಪಕ್ಕದಲ್ಲಿ ಹರಿದು ಮಳವಳ್ಳಿ ಸೀಮೆಯಲ್ಲಿ ಕಾವೇರಿ ಸೇರುತ್ತದೆ. ಬೇಸಿಗೆಯಲ್ಲಿ ನೀರು ಕಲ್ಲುಗಳ ಸಂದಿಗೆ ಇಳಿಯುತ್ತದೆ. ಗಗನಚುಕ್ಕಿ ಜಲಪಾತದ ಕೆಳಗಂತೂ ಕಾವೇರಿಯೇ ಬಂಡೆಗಳ ನಡುವೆ ಸೀಳಿಕೊಂಡು ಹೋಗುತ್ತದೆ. ಉದ್ದ ಮೂತಿಯ ದೋಣಿ ಇಲ್ಲಿ ತಿರುಗುವಷ್ಟರಲ್ಲಿ ಕಲ್ಲಿಗೆ ತಾಗುತ್ತದೆ. ತಮ್ಮ ನೀರಿಗೆ ತಕ್ಕಂತೆ ದೋಣಿಯನ್ನು ತಿದ್ದಿಕೊಳ್ಳುವುದು ಬೇರೆಡೆಯೂ ಉಂಟು. ಅಮೆರಿಕದ ಕೆರೆಗಳಲ್ಲಿ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ಕೊಂಡು, ನಿಂತು ಗಾಳ ಹಾಕಲು ಹಲಗೆ ಹಾಸಿ, ಕುರ್ಚಿ ಕೂರಿಸಿ, ತಮಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುವವರು ಬಹಳ. ನಮ್ಮ ಬೆಸ್ತರು ಅದೇ ಕೆಲಸವನ್ನು ಬಿದಿರಿನಲ್ಲಿ ಮಾಡಿಕೊಂಡು ಬಂದಿದ್ದಾರೆ.

ತೆಪ್ಪ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಬಲಿತ ಬಿದಿರನ್ನು ಸೀಳಿ, ತೆಳುವಾದ ದಬ್ಬೆ ಮಾಡಿ, ನೆಲದ ಮೇಲೆ ಅಡ್ಡಡ್ಡ ಹಾಸಿ ನಡುವಿನಿಂದ ಹೆಣೆಯುತ್ತಾ ಬರುತ್ತಾರೆ. ತಳ ಮುಗಿದ ಮೇಲೆ ನಟ್ಟನಡುವೆ ಕಲ್ಲು ಹೇರಿ, ಹೊರಗೆ ಚಾಚಿದ ದಬ್ಬೆಗಳನ್ನು ಮೇಲಕ್ಕೆ ಬಾಗಿಸಿ, ಅಂಚಿಗೆ ದಪ್ಪ ಬಳೆಯಂತೆ ಕಟ್ಟು ಹಾಕುತ್ತಾರೆ. ಆಮೇಲೆ ಹೊರಮೈಗೆ ಪ್ಲಾಸ್ಟಿಕ್ ಹಾಳೆ ಎಳೆದು ಹೊಲಿದು, ಕಾಯಿಸಿದ ಡಾಂಬರು ಬಳಿಯುತ್ತಾರೆ. ಹಿಂದೆ ಪ್ಲಾಸ್ಟಿಕ್ಕಿನ ಜಾಗದಲ್ಲಿ ಚರ್ಮವಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಳಗೆ ಬೆತ್ತ, ಹೊರಗೆ ತೊಗಲು ಇರುವ ಬುಟ್ಟಿಯಂಥ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ತೊಗಲು ಹೋಯಿತು, ಡಾಂಬರು ಬಂತು. ಹೆಣಿಗೆ ಮಾತ್ರ ಉಳಿಯಿತು.

ಇನ್ನು ಬಲೆಗೆ ತಕ್ಕ ತಿದ್ದುಪಡಿಗಳು. ಅಂಚಿನಲ್ಲಿ ಒಂದು ಸಿಬಿರು ಎದ್ದಿದ್ದರೂ ನೈಲಾನ್ ಬಲೆ ಸಿಕ್ಕಿಕೊಂಡು ಹರಿಯುತ್ತದೆ. ಅದಕ್ಕೆ ಹಳೆ ಟ್ಯೂಬಿನ ಪಟ್ಟಿಯನ್ನೋ ಗೋಣಿಯನ್ನೋ ಸುತ್ತಿ ಅಂಚನ್ನು ನುಣುಪು ಮಾಡಬೇಕು. ತಳದಲ್ಲಿ ಹಲಗೆ ಹಾಸಿದರೆ ಕಾಲಿನ ಭಾರ ಒಂದೇ ದಬ್ಬೆಯ ಮೇಲೆ ಬೀಳುವುದಿಲ್ಲ, ಒದ್ದೆ ಬಲೆ ನಿಂತ ನೀರಲ್ಲಿ ನೆನೆಯುವುದಿಲ್ಲ. ಒಬ್ಬರು ಮುಂದಕ್ಕೆ ಬಾಗಿ ಹುಟ್ಟಿನಿಂದ ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತಾ ಹೋದರೆ ಇನ್ನೊಬ್ಬರು ಹಿಂದೆ ಕೂತು ಬಲೆ ಬಿಡುತ್ತಾರೆ. ಹಲವು ಮನೆಗಳಲ್ಲಿ ಆ ಇಬ್ಬರು ಗಂಡ ಹೆಂಡತಿ. ಹುಟ್ಟಿನ ಪೆಟ್ಟು ತಪ್ಪಿದರೆ ತೆಪ್ಪ ಇದ್ದಲ್ಲೇ ಗಿರಗಿರ ತಿರುಗುತ್ತದೆ. ಈ ಕೈಚಳಕಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂಬುದು ನನ್ನ ಅನಿಸಿಕೆ.

ಭೀಮೇಶ್ವರಿಗೆ ಗಾಳ ಹಾಕಲು ಬರುತ್ತಿದ್ದ ವಿದೇಶಿಯರೂ ಈ ತೆಪ್ಪವನ್ನೇ ನೆಚ್ಚಿದ್ದರು. ದೊಡ್ಡ ಮಹಶೀರ್ ಮೀನು ಗಾಳ ಕಚ್ಚಿ ಓಡಿದಾಗ ಹಗುರ ತೆಪ್ಪ ಅದರ ಹಿಂದೆಯೇ ಸಾಗುತ್ತಿತ್ತು, ದಾರ ಹರಿಯುತ್ತಿರಲಿಲ್ಲ. ಕಾವೇರಿಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿ ಧಾಮದೊಳಗೆ ಈಗ ಮೀನು ಹಿಡಿಯುವಂತಿಲ್ಲ. ಅದು ಹಾಗೆಯೇ ಇರಬೇಕು. ಕಾಟ್ಲಾ, ರೋಹು, ಜಿಲೇಬಿ ಮೀನುಗಳಿಗೆ ಬಲೆ ಬೀಳುವುದು ಧಾಮದ ಹೊರಗಿನ ಹೊಳೆ, ಕೆರೆ, ಕನ್ನಂಬಾಡಿ ಹಿನ್ನೀರಿನಲ್ಲಿ.

ಅಂಥ ನಿಂತ ನೀರಿಗೆ ಈಗ ಫೈಬರ್ ತೆಪ್ಪ ಬಂದಿದೆ. ಮೀನುಗಾರಿಕೆ ಇಲಾಖೆಯ ಸಹಾಯಧನವೂ ಅದಕ್ಕೆ ಸಿಕ್ಕಿದೆ. ವರ್ಷ ವರ್ಷ ಡಾಂಬರು ಕಾಯಿಸುವ ಹೊಗೆಯಿಲ್ಲ, ಹುಳು ಹಿಡಿಯುವ ಭಯವಿಲ್ಲ. ಕೆರೆಗೆ ಅದೇ ವಾಸಿ, ಅನುಮಾನವಿಲ್ಲ. ಆದರೆ ಕಲ್ಲು ತುಂಬಿದ ಹೊಳೆಯಲ್ಲಿ ನನ್ನ ಮತ ಬಿದಿರಿಗೇ. ಬಂಡೆಗೆ ಬಡಿದಾಗ ಬಿದಿರು ಬಾಗಿ ಪೆಟ್ಟು ನುಂಗುತ್ತದೆ. ಫೈಬರ್ ಬಿರುಕು ಬಿಡುತ್ತದೆ. ತೂತಾದ ಬಿದಿರ ತೆಪ್ಪಕ್ಕೆ ಬಟ್ಟೆ, ಡಾಂಬರು ಮೆತ್ತಿ ದಡದಲ್ಲೇ ಸರಿಮಾಡಬಹುದು. ಬಿರುಕು ಬಿಟ್ಟ ಫೈಬರಿಗೆ ರಾಳ, ಗಾಜಿನ ನಾರಿನ ಹಾಳೆ, ಅದನ್ನು ಬಲ್ಲ ಕೈ ಎಲ್ಲವೂ ಬೇಕು.

ಬಿದಿರಿನ ಮೇಲಿದ್ದ ಕಟ್ಟುಪಾಡೂ ಸಡಿಲಾಗಿದೆ. 2017ರ ತಿದ್ದುಪಡಿಯಿಂದ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯ್ದೆ ಮರ ಎಂದು ಎಣಿಸುವುದಿಲ್ಲ. ಹೊಲದ ಬದುವಿನಲ್ಲಿ ನಾಲ್ಕು ಮೆಳೆ ಬೆಳೆಸಿದರೆ ಮದ್ದೂರು, ಮಳವಳ್ಳಿಯ ಬೆಸ್ತರಿಗೂ ಬುಟ್ಟಿ ಹೆಣೆಯುವ ಮೇದರಿಗೂ ಊರಿನಲ್ಲೇ ದಬ್ಬೆ ಸಿಕ್ಕೀತು. ಮೀನುಗಾರರ ಸಹಕಾರ ಸಂಘಗಳು ಫೈಬರ್ ತೆಪ್ಪಕ್ಕೆ ಅರ್ಜಿ ಬರೆಯುವಾಗ, ಹೊಳೆಯವರಿಗಾಗಿ ಬಿದಿರು, ಹಾಳೆ, ಡಾಂಬರಿನ ಖರ್ಚನ್ನೂ ಅದರಲ್ಲೇ ಕೇಳಲಿ.